ಬಿಸಿಲು ಖರ್ಚು ಮಾಡಿದವಳು

ಮಾಸಾಶನದ ಕಚೇರಿಯಿಂದ ಬಂದವಳೇ ಇಸ್ತ್ರಿಯಕ್ಕ ಚಪ್ಪಲಿ ಕೂಡ ಬಿಡದೆ ಮಂಚದ ಅಂಚಿಗೆ ಕುಸಿದು ಕುಳಿತಳು. ಹೋಟೆಲಿನ ಲಾಂಡ್ರಿಯಲ್ಲಿ ಅರ್ಧ ಆಯುಸ್ಸು ನಿಂತೇ ಇಸ್ತ್ರಿ ಹಾಕಿ ಸೊಂಟ ಕಳೆದುಕೊಂಡವಳು. ಬೀದಿಯವರು ಅವಳಿಗೆ ಆ ಹೆಸರು ಇಟ್ಟದ್ದು ಅದಕ್ಕೇ. ಈಗ ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಅಶಕ್ತರಿಗೆ ಕೊಡುವ ಮಾಸಾಶನದಲ್ಲೇ ಅವಳ ಊಟ, ಮಾತ್ರೆ ಎರಡೂ ನಡೆಯಬೇಕು.

"ಏನಂದ್ರಕ್ಕ?" ಎಂದ ತಮ್ಮ.

"ನಾನು ಸಾಹುಕಾರ್ತಿಯಂತೆ ಕಣೋ. ಕರೆಂಟು ಮಾರ್ತೀನಂತೆ. ಹೀಗೇ ಮಾರ್ತಿದ್ರೆ ಮಾಸಾಶನ ಬಂದ್."

ತಮ್ಮನ ಮುಖ ಇಳಿಯಿತು. ಅವನು ವೈರಿಂಗ್ ಕೆಲಸದವನು. ಯಾರೋ ಬೇಡವೆಂದು ಬಿಚ್ಚಿಸಿದ ಸೋಲಾರ್ ಪ್ಯಾನೆಲ್ಲುಗಳನ್ನು ತಂದು, ಅಕ್ಕನಿಗೆ ಬಿಲ್ಲಿನ ಕಾಟ ತಪ್ಪಲಿ ಎಂದು ಅವಳ ಮಾಳಿಗೆಯ ಮೇಲೆ ತಾನೇ ಕೂರಿಸಿದ್ದ. ಹಗಲಲ್ಲಿ ಮನೆಗೆ ಬಳಸಿ ಮಿಕ್ಕ ಕರೆಂಟು ತಂತಿ ಹಿಡಿದು ವಿದ್ಯುತ್ ಕಂಪನಿಗೆ ಹೋಗುತ್ತಿತ್ತು. ಕಂಪನಿ ಅದಕ್ಕೆ ಅವಳ ಖಾತೆಗೆ ತಿಂಗಳಿಗಿಷ್ಟು ಪುಡಿಗಾಸು ಹಾಕುತ್ತಿತ್ತು. ಆ ಪುಡಿಗಾಸಿಗೇ ಕಚೇರಿಯವರು ಆದಾಯ ಎಂದು ಹೆಸರಿಟ್ಟಿದ್ದರು.

"ಪ್ಯಾನೆಲ್ ಆಫ್ ಮಾಡಿಬಿಡ್ತೀನಿ ಬಿಡು."

"ಆಮೇಲೆ ಬಿಲ್ಲು ನಿಮ್ಮಪ್ಪ ಕಟ್ತಾನಾ?"

"ನಿಮ್ಮಪ್ಪನೂ ಅವನೇ ಅಲ್ವೇನಕ್ಕ!"

ಇಬ್ಬರಿಗೂ ನಗು ಬಂತು, ನಗುವಷ್ಟು ತ್ರಾಣ ಇರಲಿಲ್ಲ. ಮಾಸಾಶನದ ಕಚೇರಿಯ ಕೌಂಟರಿನ ಹುಡುಗಿ ಒಂದು ದಾರಿ ಹೇಳಿದ್ದಳು. ಮನೆಯಲ್ಲೇ ಪೂರ್ತಿ ಬಳಸಿಕೊಂಡರೆ ಯಾರೂ ಕೇಳುವುದಿಲ್ಲ, ಮಾರಬಾರದು ಅಷ್ಟೆ.

ಅವತ್ತಿನಿಂದ ಅವಳಿಗೊಂದು ಹೊಸ ಚಾಕರಿ ಗಂಟುಬಿತ್ತು. ಬಿಸಿಲು ಖರ್ಚು ಮಾಡುವುದು. ಮೀಟರಿನ ಪಕ್ಕದ ಕೆಂಪು ದೀಪ ಹೊತ್ತಿದರೆ ಕರೆಂಟು ಹೊರಗೆ ಹೋಗುತ್ತಿದೆ ಎಂದರ್ಥ. ಹಾಡುಹಗಲೇ ಮನೆಯ ದೀಪ, ಫ್ಯಾನು ಎಲ್ಲ ಹಾಕಿದಳು. ಕೆಂಪು ದೀಪ ಆರಲಿಲ್ಲ. ಬಟ್ಟೆಯಿಲ್ಲದೆ ವಾಷಿಂಗ್ ಮಷಿನ್ ತಿರುಗಿಸಿದಳು. ಕೊನೆಗೆ ಮೂಲೆಯಲ್ಲಿದ್ದ ಹಳೆಯ ಇಸ್ತ್ರಿಪೆಟ್ಟಿಗೆಯ ಪ್ಲಗ್ ಸಿಕ್ಕಿಸಿದಳು. ದೀಪ ಪಟ್ಟನೆ ಆರಿತು. ಆದರೆ ಬರಿ ಪೆಟ್ಟಿಗೆ ಕಾಯಿಸುತ್ತ ಕೂರುವುದು ಯಾವ ಸೀಮೆಯ ಕೆಲಸ? ಎದುರುಮನೆಯ ಟೀಚರನ್ನು ಕೂಗಿದಳು.

"ಬಟ್ಟೆ ತನ್ನಿ ಟೀಚರ್, ಇಲ್ಲೇ ಇಸ್ತ್ರಿ ಹಾಕ್ಕೊಳ್ಳಿ. ಪುಕ್ಕಟೆ!"

ಬೀದಿಗೆ ಬೀದಿಯೇ ಬಂತು. ಅವಳು ಮಂಚದಲ್ಲಿ ಕೂತು ಬೈಯುವಳು. "ಕಾಲರ್ ಮೊದಲು ತಿಕ್ಕೋ, ಕೋಣ! ಅದು ಅಂಗಿ, ರಸ್ತೆ ಅಲ್ಲ," ಎಂದು ಅದೇ ಬೀದಿಯ ಬಸ್ ಡ್ರೈವರನಿಗೆ ದಿನಾ ಬೈಗುಳ. ಮೋಡ ಕವಿದ ದಿನ ಮಾತ್ರ ಅವಳಿಗೆ ರಜೆ.

ಡ್ರೈವರನಿಗೆ ಪುಕ್ಕಟೆ ಎನ್ನುವುದು ಗಂಟಲಲ್ಲಿ ಇಳಿಯಲಿಲ್ಲ. ಹೇಳದೆ ಕೇಳದೆ ಮೊಬೈಲಿನಿಂದ ಅವಳ ಖಾತೆಗೆ ದುಡ್ಡು ಹಾಕಿದ. ಸಾಲದ್ದಕ್ಕೆ ಯಾತಕ್ಕೆ ಎಂದೂ ಬರೆದ: ಇಸ್ತ್ರಿ ಕೂಲಿ.

ಅವಳ ಖಾತೆಯ ಲೆಕ್ಕ ನೋಡಿದ ಕಚೇರಿಯಿಂದ ಫೋನ್ ಬಂತು. "ನಿಲ್ಲೋಕೇ ಆಗಲ್ಲ ಅಂತ ಮಾಸಾಶನ ತಗೊಂಡು ಇಸ್ತ್ರಿ ಕೂಲಿ ಮಾಡ್ತಿದೀರಾ?"

ಫೋನ್ ಇಟ್ಟವಳೇ ಡ್ರೈವರನನ್ನು ಕರೆಸಿದಳು.

"ಒಳ್ಳೇದಕ್ಕೇ ಅಂತ ಮಾಡಿದೆ ಅಕ್ಕ..."

"ನಿನ್ನ ಒಳ್ಳೇದಕ್ಕಿಷ್ಟು ಬೆಂಕಿ ಹಾಕ! ನಾಳೆ ನನ್ನ ಜೊತೆ ನಡಿ. ನೀನೇ ತಿಕ್ಕಿದ ಅಂಗಿ ಹಾಕ್ಕೊಂಡು ಬಾ."

ಕೌಂಟರಿನ ಮುಂದೆ ಡ್ರೈವರ್ ನಡೆದದ್ದೆಲ್ಲ ಹೇಳಿದ. ಹುಡುಗಿ ನಂಬುವುದೋ ಬಿಡುವುದೋ ತಿಳಿಯದೆ ಕೂತಿದ್ದಳು. ಇಸ್ತ್ರಿಯಕ್ಕ ಅವನ ಭುಜ ಹಿಡಿದು ಬೆನ್ನು ತಿರುಗಿಸಿದಳು. ಅಂಗಿಯ ತುಂಬ ಅಡ್ಡಾದಿಡ್ಡಿ ಸುಕ್ಕು. ನಡುವೆ ಅಂಗೈಯಗಲ ಸುಟ್ಟ ಕಲೆ.

"ಅರ್ಧ ಆಯುಸ್ಸು ಇದೇ ಕೆಲಸ ಮಾಡಿದೀನಮ್ಮ. ಇದು ನನ್ನ ಕೈಕೆಲಸ ಅಂತ ಬರೆದ್ರೆ ಮಾಸಾಶನದ ಜೊತೆ ಮಾನಾನೂ ಹೋಗುತ್ತೆ."

ಹುಡುಗಿ ನಗು ತಡೆಯಲು ತುಟಿ ಕಚ್ಚಿಕೊಂಡಳು. "ದುಡ್ಡು ಇವತ್ತೇ ವಾಪಸ್ ಕಳಿಸಿ. ಮಾಸಾಶನ ನಿಲ್ಲಿಸಲ್ಲ. ಇನ್ನು ಯಾರ ಹತ್ರಾನೂ ಒಂದು ಕಾಸು ಮುಟ್ಟಬೇಡಿ."

ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು.

"ಗೆದ್ವಿ ಅಕ್ಕ!" ಎಂದ ಡ್ರೈವರ್.

ಅವಳು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಒಂದು ಚೂರೂ ಮೋಡವಿರಲಿಲ್ಲ.

"ಬೇಗ ನಡಿಯಪ್ಪ," ಎಂದಳು ಸೊಂಟ ಒತ್ತಿಕೊಳ್ಳುತ್ತ. "ಮನೇಲಿ ಯಾರೂ ಇಲ್ಲ. ಕೆಂಪು ದೀಪ ಉರೀತಿರುತ್ತೆ."