ಹತ್ತಕ್ಕೆ ಹತ್ತು

"ಇದೇ ಮನೆ ತಾನೇ?" ಎಂದು ಮೇಡಂ ಕೇಳಿದಾಗ ಜೊತೆಯಲ್ಲಿದ್ದ ಹುಡುಗಿ ಹೂಂ ಎಂದಳು.

ಶ್ವಾಸಕೋಶದ ಕಾಯಿಲೆಯವರು ಆಸ್ಪತ್ರೆಯಿಂದ ಮನೆಗೆ ಹೋದಮೇಲೆ ಹೇಗಿದ್ದಾರೆಂದು ತಿಳಿಯುವ ಅಧ್ಯಯನ ಅದು. ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವುದು ಅವಳ ಕೆಲಸ. ಅಂಕಿಗಳಲ್ಲಿ ಎದ್ದು ಕಂಡವರನ್ನು ಕೂರಿಸಿಕೊಂಡು ಮಾತಾಡಿಸುವುದು ಮೇಡಂ ಕೆಲಸ. ಇನ್ನೂರು ಜನರಲ್ಲಿ ಎಲ್ಲ ಪ್ರಶ್ನೆಗೂ ಹತ್ತಕ್ಕೆ ಹತ್ತು ಬಂದಿದ್ದು ಈ ಮನೆಯ ಮುದಿ ದರ್ಜಿಗೆ ಮಾತ್ರ. ಆ ಹತ್ತುಗಳನ್ನು ಬಸ್ಸಿನಲ್ಲಿ ಕೂತು ಗೀಚಿದವಳು ಅವಳೇ. ಒಳ್ಳೆಯ ಅಂಕ ಕೊಟ್ಟರೆ ಯಾರಿಗೇನು ನಷ್ಟ ಅನ್ನಿಸಿತ್ತು ಆಗ.

ದರ್ಜಿಯ ಹೆಂಡತಿ ಬಾಗಿಲು ತೆರೆದರು. ದರ್ಜಿ ಮಂಚದ ಮೇಲೆ ದಿಂಬಿಗೊರಗಿದ್ದರು. ಮೇಡಂ ರೆಕಾರ್ಡರ್ ಒತ್ತಿದರು.

"ಹೋದ ತಿಂಗಳು ನಮ್ಮ ಹುಡುಗಿ ಬಂದಾಗ ಎಲ್ಲಾದಕ್ಕೂ ಹತ್ತು ಅಂದಿದ್ರಂತೆ. ಏನು ಯಜಮಾನ್ರೇ ಗುಟ್ಟು?"

ದರ್ಜಿ ಹುಡುಗಿಯ ಮುಖವನ್ನೇ ನೋಡಿದರು.

"ಹೌದೌದು, ಬಂದಿತ್ತು ಈ ಮಗು. ನನಗೇನು... ಚೆನ್ನಾಗೇ ಇದೀನಲ್ಲ."

"ಯಾವಾಗ ರೀ ಬಂದಿದ್ದು?" ಎಂದರು ಹೆಂಡತಿ.

"ನೀನು ಕೆಲಸಕ್ಕೆ... ಹೋಗಿದ್ದಾಗ ಕಣೇ. ಎಲ್ಲಾ ನಿಂಗೆ ವರದಿ ಒಪ್ಪಿಸ್ಬೇಕಾ?"

ಮೇಡಂ ಹುಬ್ಬು ಗಂಟಿಕ್ಕಿದರು. "ಕಡಿಮೆ ಅಂಕ ಬಂದವರ ಮನೆಗೆ ನರ್ಸ್ ಕಳಿಸ್ತೀವಿ. ಹಾಗಾದ್ರೆ ನಿಮಗೆ ಬೇಡ ಅಂತ ಬರ್ಕೊಳ್ಲಾ?"

"ಬೇಡ... ಬಿಡಿ."

ಹೆಂಡತಿ ತಲೆ ತಗ್ಗಿಸಿದರು. ಹುಡುಗಿಗೆ ತಡೆಯಲಾಗಲಿಲ್ಲ.

"ಮೇಡಂ, ನಾನು ಅವತ್ತು ಒಳಗೆ ಬಂದೇ ಇಲ್ಲ. ಎರಡು ಸಲ ಬೆಲ್ ಒತ್ತಿದೆ, ಯಾರೂ ಬರ್ಲಿಲ್ಲ. ಎಲ್ಲಾ ನಾನೇ ಬರ್ದೆ."

"ಉಳಿದವು?"

"ಇದೊಂದೇ, ಮೇಡಂ. ಆಣೆ."

"ಅದನ್ನ ಈಗ ಹೇಗೆ ನಂಬ್ಲಿ? ನೀನು ಹೋದ ನಲವತ್ತು ಮನೆಗೂ ಇನ್ಯಾರಾದ್ರೂ ಮತ್ತೆ ಹೋಗ್ಬೇಕು." ಮೇಡಂ ದನಿ ಏರಿಸಲಿಲ್ಲ. "ನಾಳೆಯಿಂದ ನೀನು ಬರೋದು ಬೇಡಮ್ಮ."

"ಬೈಬೇಡಿ ಆ ಮಗೂನ," ಎಂದರು ದರ್ಜಿ. "ಬೆಲ್ಲು ಕೇಳಿಸ್ತು ನನಗೆ. ಎದ್ದು ಹೊರಟೆ... ಅರ್ಧ ದಾರೀಲಿ ಕೂತ್ಬಿಟ್ಟೆ. ಬಾಗಿಲು ತೆಗೆಯೋಷ್ಟರಲ್ಲಿ... ಹೊರಟುಹೋಗಿತ್ತು. ತಪ್ಪು ನಂದೇ."

ಅವಳು ತಿರುಗಿ ನೋಡಿದಳು. ಮಂಚದಿಂದ ಬಾಗಿಲಿಗೆ ಹತ್ತು ಹನ್ನೆರಡು ಹೆಜ್ಜೆ ಇರಬಹುದು. ನಡುವೆ, ಗೋಡೆಗೆ ಒತ್ತಿ, ಒಂದು ಪ್ಲಾಸ್ಟಿಕ್ ಸ್ಟೂಲ್ ಇತ್ತು. ಅದರ ಮೇಲ್ಗಡೆ, ಅಂಗೈ ಊರಿ ಊರಿ, ಗೋಡೆಯ ಬಣ್ಣ ಸವೆದು ನುಣ್ಣಗಾಗಿತ್ತು.