ಜ್ವರ ಬಾರದವಳು

ಅರಂತೋಡಿನ ರಸ್ತೆ ಬದಿಯಲ್ಲಿ ದೇರಣ್ಣನದ್ದೊಂದು ಚಾ ಹೋಟೆಲು. ಹೆಂಡತಿ ಶೀಲಾವತಿಗೆ ಚಿಕ್ಕಂದಿನಿಂದಲೂ ದಮ್ಮು. ಮದುವೆಯಾದ ಹೊಸತರಲ್ಲಿ ಅವಳು ಉಸಿರಿಗಾಗಿ ಒದ್ದಾಡಿದ್ದನ್ನು ನೋಡಿ ಹೆದರಿದ ದೇರಣ್ಣ, ಅಂದಿನಿಂದ ಅವಳನ್ನು ಒಲೆಯ ಹತ್ತಿರ ಬಿಟ್ಟವನಲ್ಲ. ಕೊಡ ಎತ್ತಲು ಬಿಡುತ್ತಿರಲಿಲ್ಲ, ಮಂಜಿಗೆ ಹೊರಗೆ ಬರಲೂ ಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಅವಳು ಸ್ವಲ್ಪ ನಾಜೂಕು” ಎನ್ನುತ್ತಿದ್ದ. ಅವನಾದರೋ ಪ್ರಾಯದಲ್ಲಿ ಹಗ್ಗಜಗ್ಗಾಟದ ತಂಡದ ಕಟ್ಟಕಡೆಯಲ್ಲಿ ಹಗ್ಗ ಸುತ್ತಿಕೊಂಡು ನಿಲ್ಲುತ್ತಿದ್ದ ಆಳು. ಐವತ್ತು ದಾಟಿದರೂ ಒಂದು ಮಾತ್ರೆ ನುಂಗಿದವನಲ್ಲ.

ಅಂಥವನು ಜೂನ್ ಕೊನೆಗೆ ಹಾಸಿಗೆ ಹಿಡಿದ. ವಿಪರೀತ ಜ್ವರ, ಕಣ್ಣುಗುಡ್ಡೆಯ ಹಿಂದೆ ನೋವು. ಜ್ವರ ಇಳಿಯಿತು, ಇನ್ನು ಹೆದರಿಕೆಯಿಲ್ಲ ಎಂದು ಅವಳು ಗಂಜಿ ಬಡಿಸುವಷ್ಟರಲ್ಲಿ ಹೊಟ್ಟೆನೋವು, ವಾಂತಿ ಶುರುವಾಯಿತು. ಎದ್ದು ನಿಲ್ಲಹೋದವನು ಬಾಗಿಲ ಬಳಿಯೇ ಕುಸಿದ. ಸುಳ್ಯದಲ್ಲಿ ನೋಡಿದ ಡಾಕ್ಟರು, ಡೆಂಗ್ಯೂ ಜೋರಾಗಿದೆ ಎಂದು ಪುತ್ತೂರಿಗೆ ಕಳುಹಿಸಿದರು.

ಹೋಟೆಲು ನೋಡಿಕೊಳ್ಳಲು ಮಂಡೆಕೋಲಿನಿಂದ ದೇರಣ್ಣನ ಅಕ್ಕ ಪೂವಮ್ಮ ಬಂದು ಮನೆಯಲ್ಲಿ ಉಳಿದಳು. ಆಸ್ಪತ್ರೆಯಲ್ಲಿ ಶೀಲಾವತಿ ಒಬ್ಬಳೇ. ಔಷಧಿ ತರುವುದು, ಅವನನ್ನು ಹೊರಳಿಸುವುದು, ಬೆವರು ಒರೆಸುವುದು ಎಲ್ಲ ಅವಳದ್ದೇ. ತನ್ನಿಂದ ಇಷ್ಟೆಲ್ಲ ಆಗುತ್ತದೆಂದು ಯೋಚಿಸಲೂ ಅವಳಿಗೆ ಪುರುಸೊತ್ತಿರಲಿಲ್ಲ.

ಅಲ್ಲಿಗೆ ಸಮನ್ವಿತಾ ಎಂಬ ಎಳೆಯ ಡಾಕ್ಟರು ಬಂದು ಮಂಚದ ಬಳಿ ಕುಳಿತಳು. “ಶೀಲಕ್ಕ, ಒಂದು ಅಧ್ಯಯನಕ್ಕೆ ಡೆಂಗ್ಯೂ ಬಂದವರ ಮನೆಯವರ ರಕ್ತ ನೋಡ್ತಾ ಇದ್ದೇವೆ. ಜ್ವರ ಬಾರದವರದ್ದೇ ನಮಗೆ ಮುಖ್ಯ. ಕೊಡ್ತೀರಾ? ಕಡ್ಡಾಯ ಎಂತ ಇಲ್ಲ.”

ಶೀಲಾವತಿ ತೋಳು ಚಾಚಿದಳು. ಮರುದಿನ ಡಾಕ್ಟರು ಅವಳನ್ನು ಹೊರಗೆ ಕರೆದಳು.

“ನಿಮಗೂ ಡೆಂಗ್ಯೂ ಉಂಟು.”

“ನನಗಾ? ನನಗೆ ಎಂತದೂ ಆಗ್ಲಿಲ್ಲ ಡಾಕ್ಟ್ರೇ. ತಲೆನೋವು ಕೂಡ ಇಲ್ಲ.”

“ಅದೇ ವಿಷಯ. ವೈರಸ್ ಒಳಗೆ ಬಂದದ್ದು ನಿಮ್ಮ ಶರೀರಕ್ಕೆ ಗೊತ್ತಾಗಿದೆ, ಅದು ಕೆಲಸವೂ ಮಾಡ್ತಾ ಉಂಟು, ಆದರೆ ಗಲಾಟೆ ಇಲ್ಲದೆ. ಕೆಲವರಲ್ಲಿ ಆ ಹೋರಾಟವೇ ಮಿತಿಮೀರಿ ರಕ್ತನಾಳಗಳಿಂದ ನೀರು ಸೋರ್ತದೆ. ನಿಮ್ಮವರಿಗೆ ಆದದ್ದು ಹಾಗೆ.”

“ಅವರು ಅಷ್ಟು ಗಟ್ಟಿ ಜನ...”

“ಗಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮದು ಯಾಕೆ ಹೀಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ, ಅದಕ್ಕೇ ರಕ್ತ ಕೇಳುದು. ಈಗ ನೀವೂ ಸೊಳ್ಳೆ ಪರದೆ ಒಳಗೇ ಮಲಗ್ಬೇಕು. ನಿಮ್ಮನ್ನು ಕಚ್ಚಿದ ಸೊಳ್ಳೆಯಿಂದ ಬೇರೆಯವರಿಗೆ ಹೋಗಬಾರದಲ್ಲ.”

ಆ ಕೊನೆಯ ಮಾತು ಅವಳ ಮನಸ್ಸಿನಲ್ಲಿ ಉಳಿಯಿತು. ಸಂಜೆ ಊಟ ತಂದ ಪೂವಮ್ಮನಿಗೆ ವಿಷಯ ಹೇಳಿದಾಗ ಅದು ಇನ್ನಷ್ಟು ಚುಚ್ಚಿತು.

“ಅವನಿಗೆ ಜ್ವರ ಬರುವ ಮೊದಲು ನಮ್ಮ ಮನೆಗೆ ಬಂದಿದ್ದಿಯಲ್ಲ, ಆಗ ನೆರೆಮನೆಯಲ್ಲಿ ಜ್ವರ ಇತ್ತು,” ಎಂದಳು ಪೂವಮ್ಮ. “ನೀನು ತಂದು ಅವನಿಗೆ ಕೊಟ್ಟದ್ದು. ನಿನಗೆ ಎಂತದೂ ಆಗ್ಲಿಲ್ಲ, ನನ್ನ ತಮ್ಮ ಮಲಗಿದ.”

ಶೀಲಾವತಿ ಬುತ್ತಿಯ ಮುಚ್ಚಳ ತೆಗೆದವಳು ಹಾಗೆಯೇ ಮುಚ್ಚಿಟ್ಟಳು. ಡ್ರಿಪ್ಪಿನ ಕೆಳಗೆ ಮಲಗಿದ್ದ ಗಂಡನ ಊದಿದ ಮುಖ ನೋಡಿದಾಗೆಲ್ಲ, ತಾನು ಆರಾಮವಾಗಿರುವುದೇ ದೊಡ್ಡ ತಪ್ಪೆನಿಸಿತು. ಬೆಳಿಗ್ಗೆ ಡಾಕ್ಟರನ್ನು ಹುಡುಕಿಕೊಂಡು ಹೋದಳು.

“ನಿಜ ಹೇಳಿ ಡಾಕ್ಟ್ರೇ. ಅವರಿಗೆ ನನ್ನಿಂದಲಾ ಬಂದದ್ದು?”

ಸಮನ್ವಿತಾ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. “ಜ್ವರ ಇಲ್ಲದವರಿಂದಲೂ ಸೊಳ್ಳೆಗೆ ಹೋಗುದು ಉಂಟು, ಸುಳ್ಳು ಹೇಳುದಿಲ್ಲ. ಆದರೆ ನಿಮ್ಮಿಂದ ಸೊಳ್ಳೆಗೆ ಹೋಗಿ, ಅದರೊಳಗೆ ಬೆಳೆದು, ಅವರನ್ನು ಕಚ್ಚಿ, ಅವರಿಗೆ ಜ್ವರ ಬರ್ಲಿಕ್ಕೆ ಎರಡು ವಾರವಾದರೂ ಬೇಕು. ಅಷ್ಟರಲ್ಲಿ ನಿಮ್ಮ ರಕ್ತದಿಂದ ವೈರಸ್ ಹೋಗಿಯಾಗ್ತಿತ್ತು. ಆದರೆ ನಿಮ್ಮಲ್ಲಿ ಅದು ಇನ್ನೂ ಉಂಟು. ಹಾಗಾಗಿ ನಿಮ್ಮಿಂದ ಬಂದಿರುವ ಸಂಭವ ತೀರಾ ಕಡಿಮೆ. ಇಬ್ಬರಿಗೂ ಒಂದೇ ಸೊಳ್ಳೆ ಕಚ್ಚಿರಬಹುದು.”

ಶೀಲಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕ್ಯಾಂಟೀನಿಗೆ ಹೋಗಿ ಹೊಟ್ಟೆ ತುಂಬ ಇಡ್ಲಿ ತಿಂದಳು.

ದೇರಣ್ಣ ಮೆಲ್ಲಗೆ ಚೇತರಿಸಿಕೊಂಡ. ಪ್ಲೇಟ್ಲೆಟ್ ಏರಿತು, ಊತ ಇಳಿಯಿತು. ದಿಂಬಿಗೊರಗಿ ಕೂರುವಷ್ಟಾದಾಗ ಅವಳೇ ಎಲ್ಲವನ್ನೂ ಹೇಳಿದಳು.

“ನಿನಗೂ ಬಂದಿತ್ತಾ? ಮತ್ತೆ ನೀನು ಯಾಕೆ ಮಲಗ್ಲಿಲ್ಲ?”

“ಎಂತಕ್ಕೆ ಮಲಗುದು? ನನಗೆ ಎಂತದೂ ಆಗ್ಲಿಲ್ಲ.”

“ಇಷ್ಟು ವರ್ಷ ನಿನ್ನನ್ನು ಸುಮ್ಮನೆ ಕೂರಿಸಿದೆ ಮಾರಾಯ್ತಿ,” ಎಂದ. ಕಣ್ಣಲ್ಲಿ ನೀರಿತ್ತು.

“ದಮ್ಮು ಇರುದು ಸುಳ್ಳಲ್ಲವಲ್ಲ,” ಎಂದು ಅವಳು ನಕ್ಕಳು. “ಇನ್ನೊಂದು ನಮೂನೆಯ ಡೆಂಗ್ಯೂ ಬಂದ್ರೆ ನನಗೂ ಜೋರಾಗಬಹುದಂತೆ. ಜಾಗ್ರತೆ ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. ನಿಮಗೂ.”

ಬಿಡುಗಡೆಯ ದಿನ ಪೂವಮ್ಮ ಬಂದಳು. ಡಾಕ್ಟರು ಹೇಳಿದ ಲೆಕ್ಕವನ್ನು ಶೀಲಾವತಿ ಅವಳಿಗೂ ವಿವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪೂವಮ್ಮ ತಲೆ ತಗ್ಗಿಸಿದಳು. ಸಣ್ಣ ದನಿಯಲ್ಲಿ ಕೇಳಿದಳು:

“ಜ್ವರ ಇಲ್ಲದೆಯೂ ಇರ್ತದೆ ಅಂತಾದ್ರೆ ನನ್ನಲ್ಲೂ ಇರಬಹುದಾ? ನಿಮ್ಮ ಮನೆಯಲ್ಲೇ ಮಲಗಿದ್ದೆನಲ್ಲ. ಊರಲ್ಲಿ ಮೊಮ್ಮಕ್ಕಳಿದ್ದಾರೆ.”

“ಬನ್ನಿ ಅತ್ತಿಗೆ, ಕೇಳುವ.”

ಸಮನ್ವಿತಾ ಸೂಜಿ ತೆಗೆದದ್ದೇ ತಡ, ಪೂವಮ್ಮ ಕಣ್ಣು ಮುಚ್ಚಿ ಶೀಲಾವತಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ರಕ್ತ ತೆಗೆದು ಹತ್ತಿ ಒತ್ತಿದ ಮೇಲೂ ಬಿಡಲಿಲ್ಲ. ಶೀಲಾವತಿಯೂ ಕೈ ಎಳೆದುಕೊಳ್ಳಲಿಲ್ಲ.