ಖಾಲಿ ದೊಡ್ಡಿಯ ಹಾಡು

ಜೋಳದ ಕೊಯ್ಲು ಮುಗಿದ ಚಳಿಗಾಲ. ಸೆಹಿತ್ವಾ ಊರಿನ ಆ ಸಾವಿನ ಮನೆಯಂಗಳದಲ್ಲಿ ಗಂಡಸರು ಬೆಂದ ಮಾಂಸವನ್ನು ಮೂರುಕಾಲಿನ ಕಡಾಯಿಗಳೊಳಗೇ ಒನಕೆಯಿಂದ ಜಜ್ಜುತ್ತಿದ್ದರು. ಮಣ್ಣು ಮಾಡಿ ಬಂದವರಿಗೆ ಊಟ ತಯಾರಿರಬೇಕು, ಹೊತ್ತೇರುವ ಮೊದಲೇ ಹೆಣ ಗುಂಡಿ ಸೇರಬೇಕು. ಹೊಗೆ ಮೇಲೇಳದೆ ನೆಲಕ್ಕೇ ಅಂಟಿಕೊಂಡಿತ್ತು.

ಸತ್ತ ಮೊಲೊಕಿಯ ಸೋದರಮಾವ ಬಾಗ್ವಾಸಿ ಕೋಲೂರಿ ಬೇಲಿಯ ಬಾಯಲ್ಲಿ ನಿಂತಿದ್ದ. ಕೋಟು ತೊಡದ ಗಂಡಸು ಸ್ಮಶಾನಕ್ಕೆ ಹೋಗುವಂತಿಲ್ಲ. ಆ ಕಾವಲು ಅವನದು. ಗಾಲೆಬೊ ಬಂದದ್ದು ಕಪ್ಪು ಚರ್ಮದ ಅಂಗಿ ತೊಟ್ಟು. ತೋಳಿನುದ್ದಕ್ಕೂ ಕಬ್ಬಿಣದ ಮೊಳೆ, ಸೊಂಟದಲ್ಲಿ ಸರಪಳಿ. ಮೊಲೊಕಿ ಹೆವಿ ಮೆಟಲ್ ಹಾಡಿದಷ್ಟು ವರ್ಷವೂ ಅವನ ಬೆನ್ನ ಹಿಂದೆ ಕೂತು ಡ್ರಮ್ಮು ಬಡಿದವನು.

"ಏನ್ಲಾ ಇದು? ಹೆಣ ಹೂಳಾಕ್ ಬಂದೆಯೋ, ನಾಯಿ ಕಟ್ಟಾಕೋ?"

"ಕೋಟಿರ್ಬೇಕು ಅಂದ್ರಲ್ಲ ಮಾವ. ಇದೂ ಕೋಟೇ. ನೋಡಿ, ಗುಂಡಿ ಐತೆ."

ಮುದುಕ ತೋಳು ಹಿಡಿದು ಹಿಚುಕಿ ನೋಡಿದ. "ದನದ್ದೇನಾ?"

"ದನದ್ದೇ."

"ಹಂಗಾದ್ರೆ ಹೋಗು. ಸರಪಳಿ ಸದ್ದು ಮಾಡ್ಬ್ಯಾಡ."

ಒಳಗೆ ಮೊಲೊಕಿಯ ಹೆಂಡತಿ ಸೆಗಮೆಟ್ಸಿ ಕಂಬಳಿ ಹೊದ್ದು ಚಾಪೆಯ ಮೇಲೆ ಕೂತಿದ್ದಳು. ಗಾಲೆಬೊ ಹೊಸ್ತಿಲಾಚೆಯೇ ಕುಕ್ಕರಿಸಿದ.

"ಗೋರಿ ಹತ್ರ ಹಾಡೋದು ಅವರ ಹಳೇ ಹಾಡು ತಾನೆ?" ಅವಳೇ ಕೇಳಿದಳು. "ದನಗಳ ಹೆಸರಿನ ಸಮೇತ? ಸಾಯೋವಾಗ ಅವರು ಕೇಳಿದ್ದು ಅದೊಂದೇ. ಮಣ್ಣು ಬೀಳೋವಾಗ ಹೆಸರು ಕೇಳ್ಬೇಕು ಅಂದ್ರು."

"ಮಾವ ಒಪ್ತಿಲ್ಲಮ್ಮ. ಗೋರಿ ಹತ್ರ ಡ್ರಮ್ಮು ಕೂಡ್ದು, ಅರಚೋದು ಕೂಡ್ದು ಅಂತಾನೆ. ಹಾಡುಗಾರ್ತಿ ಒಂಟ್ಲಾ ಬಂದವಳೆ, ಅವಳು ಹಾಡ್ಲಿ, ಅದೂ ಅವನದೇ ಹಾಡಲ್ವಾ ಅಂತಾನೆ."

"ಅವಳು ಹಾಡೋದು ಮದುವೆ ಹಾಡು."

"ಹೆಸರು ಸೇರಿಸಿ ಹಾಡು ಅಂತ ಕೇಳ್ತೀನಿ. ಕಾಲು ಹಿಡೀಬೇಕಾದ್ರೂ ಹಿಡೀತೀನಿ."

*

ದನಗಳಿಗೆ ಎದೆರೋಗ ಬಂದ ವರ್ಷ, ಸೀಮೆಯಲ್ಲಿ ಒಂದೂ ಉಳಿಯದಂತೆ ಕೊಲ್ಲಬೇಕೆಂದು ಸರ್ಕಾರದ ಆಜ್ಞೆಯಾಯಿತು. ಮೊಲೊಕಿಗೆ ಆಗಿನ್ನೂ ಮೀಸೆ ಚಿಗುರುತ್ತಿತ್ತು. ಅಪ್ಪನ ದನಗಳು ಬಂದೂಕಿನವರಿಗೆ ಬೆದರಿ ಮುಳ್ಳುಕಂಟಿಗಳಿಗೆ ನುಗ್ಗಿದಾಗ, ಒಂದೊಂದನ್ನೂ ಹೆಸರು ಹಿಡಿದು ಕರೆದು, ಕೊಂದು ಹೂಳುವ ಗುಂಡಿಯ ಅಂಚಿಗೆ ನಡೆಸಿದವನು ಅವನೇ. ಅವನು ಕರೆದರೆ ಬರುತ್ತಿದ್ದವು. ಬಂದವು.

ಆಮೇಲೂ ಅಪ್ಪ ಪ್ರತಿ ಸಂಜೆ ಖಾಲಿ ದೊಡ್ಡಿಯ ಬಾಯಿಗೆ ಮುಳ್ಳು ಎಳೆದು ಮುಚ್ಚುತ್ತಿದ್ದ.

ಹಾಡು ಹುಟ್ಟಿದ್ದು ಮರುವರ್ಷ, ಮೌನ್ ಪಟ್ಟಣದ ಒಂದು ಬಾರಿನ ಹಿತ್ತಲಲ್ಲಿ. ಕೊನೆಯ ಚರಣದ ತುಂಬ ಬರೀ ಹೆಸರುಗಳು. ಅದನ್ನು ಮೊಲೊಕಿ ದನ ಕರೆಯುವವನ ಹಾಗೆ ಹಾಡುತ್ತಿರಲಿಲ್ಲ. ಗುಂಡು ತಗುಲಿದ ಎತ್ತು ಗಂಟಲು ಹರಿದು ಕೂಗಿದಂತೆ ಕೂಗುತ್ತಿದ್ದ. ದೂರದ ಘಾಂಜಿಯಿಂದ, ಫ್ರಾನ್ಸಿಸ್‌ಟೌನಿನಿಂದ ಚರ್ಮದಂಗಿಯ ಹುಡುಗರು ಬಂದು ತಲೆ ಕೊಡವಿ ಕುಣಿದರು. ಅದರ ಕ್ಯಾಸೆಟ್ಟು ಎಷ್ಟೋ ಲಾರಿಗಳಲ್ಲಿ ಓಡಾಡಿತು. ಆಮೇಲೆ ಕಾಲ ಹೋಯಿತು. ಮೊಲೊಕಿ ಕೊಳವೆಬಾವಿಯ ಪಂಪು ರಿಪೇರಿಗೆ ಇಳಿದ.

*

ಒಂಟ್ಲಾ ಹುಡುಕಿಕೊಂಡು ಬಂದಾಗ ಮೊಲೊಕಿಯ ಕೈ ಮೊಣಕೈವರೆಗೂ ಗ್ರೀಸು.

"ನಿಮ್ಮ ಹಾಡು ನಾನು ಹಾಡ್ಲಾ ಅಣ್ಣ? ನನ್ನ ರೀತೀಲಿ?"

"ಹಾಡವ್ವ. ಹೆಸರುಗಳ್ನ ಮಾತ್ರ ಬಿಡ್ಬ್ಯಾಡ."

"ಬಿಡಲ್ಲ."

ಅವಳು ಹಾಡನ್ನು ನಿಧಾನ ಮಾಡಿದಳು, ಕೀಬೋರ್ಡಿನ ಮೇಲೆ ಮಲಗಿಸಿದಳು. ಖಾಲಿ ದೊಡ್ಡಿ ಎಂಬುದು ಗಂಡಿನ ಕಡೆಯಿಂದ ತೆರವಾಗಿ ಬರುವ ದನಗಳಿಗೆ ಕಾದಿರುವ ಹೆಣ್ಣಿನ ಮನೆಯ ದೊಡ್ಡಿಯಾಯಿತು. ದನಗಳ ಹೆಸರಿದ್ದ ಜಾಗದಲ್ಲಿ ಮದುಮಗಳ ಹೆಸರು ಬಂತು. ಆ ಹಾಡಿಲ್ಲದೆ ಮದುವೆಯೇ ಇಲ್ಲವೆಂಬಂತಾಯಿತು. ನೆರೆಮನೆಯ ಮದುವೆಯಲ್ಲಿ ಮೊಲೊಕಿ ಜೊತೆಗೆ ಗುನುಗಿದಾಗ ಪಕ್ಕದ ಹೆಂಗಸು, "ಓಹೋ, ಒಂಟ್ಲಾಳ ಹಾಡು ನಿಂಗೂ ಬಾಯಿಪಾಠ!" ಎಂದಳು. ಅವನು ನಕ್ಕ. ಊಟಕ್ಕೆ ಕೂರದೆ ಮನೆಗೆ ಬಂದ.

*

ಹೆಣದ ಪೆಟ್ಟಿಗೆ ಗುಂಡಿಗೆ ಇಳಿಯುತ್ತಿದ್ದಾಗ ಗಾಲೆಬೊ ಒಂಟ್ಲಾಳ ಬಳಿ ಸರಿದ.

"ಇವತ್ತೊಂದಿನ ಹೆಸರು ಹಾಡಮ್ಮ. ಅವನಿಗೆ ನೀನು ಮಾತು ಕೊಟ್ಟಿದ್ದೆ."

ಅವಳು ತಲೆಯ ಮೇಲಿನ ಶಾಲು ಸರಿಪಡಿಸಿಕೊಂಡಳು. ಕಣ್ಣು ಕೆಂಪಾಗಿದ್ದವು. "ಹಾಡ್ತೀನಿ ಅಣ್ಣ. ಹೇಳಿ, ಯಾವ್ಯಾವ ಹೆಸರು? ಆ ಕ್ಯಾಸೆಟ್ಟು ಎಷ್ಟು ಸಲ ಹಾಕಿದೀನಿ, ಅವರು ಕೂಗೋದ್ರಲ್ಲಿ ಒಂದಕ್ಷರ ಬಿಡಿಸೋಕಾಗ್ಲಿಲ್ಲ. ಮತ್ತೆ ಬಂದು ಕೇಳೋಕೆ ನಾಚಿಕೆ ಆಯ್ತು."

ಗಾಲೆಬೊ ಬಾಯಿ ತೆರೆದ. ಎಲ್ಲಿ ಎರಡು ಏಟು, ಎಲ್ಲಿ ತಡೆ, ಎಲ್ಲಿ ತಾಳ ಚಚ್ಚಿ ನಿಲ್ಲಿಸಬೇಕು, ಎಲ್ಲ ಅವನ ಕೈಯಲ್ಲಿತ್ತು. ಹೆಸರು ಒಂದೂ ಇರಲಿಲ್ಲ. ಅವನು ಸೆಗಮೆಟ್ಸಿಯ ಕುರ್ಚಿಯ ಬಳಿ ಬಗ್ಗಿದ.

"ಹೆಸರು ಹೇಳಮ್ಮ. ಹಾಡ್ತಾಳಂತೆ."

ಅವಳು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. "ತೋಕ್ವಾನಾ. ಕಂದು ಹಸು. ನಂಗೊಂದೇ ಗೊತ್ತು." ಆಮೇಲೆ ಹಲ್ಲು ಕಚ್ಚಿ, "ನೀನು ಅಷ್ಟು ವರ್ಷ ಹಿಂದೇನೇ ಕೂತಿದ್ದೆಯಲ್ಲೋ!" ಎಂದಳು.

"ನೀನು ಅವನ ಪಕ್ಕದಲ್ಲೇ ಮಲಗಿದ್ದೆ."

ಗಾಲೆಬೊ ಹೋಗಿ ಒಂಟ್ಲಾಳ ಕಿವಿಯಲ್ಲಿ ಆ ಒಂದು ಹೆಸರು ಹೇಳಿದ.

"ಏನ್ ಪಿಸುಮಾತು ಅಲ್ಲಿ?" ಬಾಗ್ವಾಸಿ ಕೋಲು ಕುಟ್ಟಿದ. "ಅವರಪ್ಪನ ದನ, ಅವರಪ್ಪನೂ ಹೋದ. ಸತ್ತ ದನದ ಹೆಸರು ತಗೊಂಡು ಯಾರೇನ್ ಮಾಡ್ಬೇಕು? ಬಿಸಿಲೇರ್ತಾ ಐತೆ. ಹಾಡಮ್ಮ ನೀನು."

ಗಂಡಸರು ಸಲಿಕೆ ಹಿಡಿದರು. ಒಂದು ಸಾಲು ದಣಿದಾಗ ಇನ್ನೊಂದು ಸಾಲು. ಗಾಲೆಬೊ ಮಾತ್ರ ಸಲಿಕೆ ಬಿಡಲಿಲ್ಲ. ಚರ್ಮದಂಗಿಯೊಳಗೆ ಬೆವರು ಹರಿಯುತ್ತಿತ್ತು. ಒಂಟ್ಲಾ ಕಣ್ಣು ಮುಚ್ಚಿ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಹೆಂಗಸರು ದನಿಗೂಡಿಸಿದರು. ಮಕ್ಕಳ ಭುಜಗಳು ತಾವಾಗಿಯೇ ಕುಣಿದವು. ಕೊನೆಯ ಚರಣಕ್ಕೆ ಬಂದು, ಮದುಮಗಳ ಹೆಸರು ಬರುವ ಜಾಗದಲ್ಲಿ, ಅವಳು ಜೇನಿನಂಥ ದನಿಯಲ್ಲಿ ಎಳೆದಳು: "ತೋಕ್ವಾನಾ..."

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಅಭ್ಯಾಸಬಲದಿಂದ ನಾಲಿಗೆ ಆಡಿಸಿ ಕೇಕೆ ಹಾಕಿದಳು, ಮದುವೆಮನೆಯಲ್ಲಿ ಹಾಕುವಂಥದೇ ಕೇಕೆ. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಇನ್ನೊಬ್ಬಳದು ಎದ್ದಿತ್ತು. ಮತ್ತೊಬ್ಬಳದು. ಸ್ಮಶಾನದ ತುಂಬ ಕೇಕೆ.

ಗಾಲೆಬೊನ ಸಲಿಕೆ ತುಂಬಿತ್ತು. ಅದನ್ನೆಲ್ಲಿ ಸುರಿಯಬೇಕೆಂದು ತಿಳಿಯದವನಂತೆ ಎತ್ತಿ ಹಿಡಿದೇ ನಿಂತಿದ್ದ. ಅಂಚಿನಿಂದ ಮರಳು ಸಣ್ಣಗೆ ಉದುರಿ ಅವನ ಬೂಟಿನ ಮೇಲೆ ಬೀಳುತ್ತಿತ್ತು.